ಅಂಬಾಸಿಡರ್‌ನ ಮೂರು ವೈರು, ಒಂದಿಷ್ಟು ಕಪ್ಪು ಹೊಗೆ

ಪ್ರಶ್ನೆ: ಅಪ್ಪನ ಹಳೇ ಅಂಬಾಸಿಡರ್ ಮತ್ತೆ ರಸ್ತೆಗಿಳಿಸುತ್ತಿದ್ದೇನೆ. 1489 ಸಿಸಿ ಪೆಟ್ರೋಲ್, ಎಸ್‌ಯು ಕಂಪನಿಯ ಕಾರ್ಬುರೇಟರ್. ಡ್ಯಾಶ್‌ಬೋರ್ಡ್ ಕೆಳಗೆ ಮೂರು ವೈರು ನೇತಾಡುತ್ತಿವೆ: ಕಂದು, ಹಸಿರು, ಇನ್ನೊಂದು ಹಸಿರಿನ ಮೇಲೆ ಕಪ್ಪು ಗೆರೆ. ಪೆಟ್ರೋಲ್ ಮುಳ್ಳು ಅಲ್ಲಾಡುವುದಿಲ್ಲ. ಕಪ್ಪು ಹೊಗೆ ಬೇರೆ. ಗಾಳಿ-ಪೆಟ್ರೋಲ್ ಮಿಕ್ಸ್ಚರ್ ನಟ್ ಎಷ್ಟು ತಿರುಗಿಸಲಿ?
ಓದುಗರು, ತುಮಕೂರು

ಉತ್ತರ: ಮೊದಲು ಬ್ಯಾಟರಿ ಬಿಚ್ಚಿಡಿ, ಉಳಿದದ್ದು ಆಮೇಲೆ. ಆ ಕಂದು ವೈರಿನಲ್ಲಿ ಕೀ ತೆಗೆದರೂ ಕರೆಂಟ್ ಇರುತ್ತದೆ, ನಡುವೆ ಫ್ಯೂಸೂ ಇಲ್ಲ, ಕಾರಿನ ತಗಡಿಗೆ ತಾಗಿದರೆ ವೈರಿಂಗೇ ಸುಟ್ಟುಹೋಗಬಹುದು. ಈಗಲೇ ಟೇಪ್ ಸುತ್ತಿ.

ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನಿಂದ ಅಲ್ವಾ, ಹಾಗಾಗಿ ಬಣ್ಣಗಳೂ ಅಲ್ಲಿನ ಲ್ಯೂಕಸ್ ಕಂಪನಿಯ ಪದ್ಧತಿಯವೇ. ಬಿಳಿಗೆ ಕೀ ಹಾಕಿದ ಮೇಲೆ ಕರೆಂಟ್. ಅದೇ ಕರೆಂಟ್ ಫ್ಯೂಸ್ ದಾಟಿ ಬಂದರೆ ಹಸಿರು. ಬರೀ ಕಪ್ಪು ಅಂದರೆ ಅರ್ತ್. ಹಸಿರಿನ ಮೇಲೆ ಕಪ್ಪು ಗೆರೆ ಇರುವುದು ಟ್ಯಾಂಕಿನ ಫ್ಲೋಟ್‌ನಿಂದ ಪೆಟ್ರೋಲ್ ಮೀಟರಿಗೆ ಬರುವ ವೈರು. ನಿಮ್ಮ ಮುಳ್ಳು ಸುಮ್ಮನಿರುವುದು ಬಹುಶಃ ಅದು ಕಳಚಿರುವುದಕ್ಕೇ. ಆದರೆ ಬಣ್ಣವನ್ನೇ ನಂಬಬೇಡಿ. ಇಷ್ಟು ವರ್ಷದಲ್ಲಿ ಯಾರೋ ಕೈಗೆ ಸಿಕ್ಕ ವೈರು ಜೋಡಿಸಿರಬಹುದು. ಹಳೇ ಟೇಪನ್ನು ನಾಲ್ಕು ಬೆರಳಷ್ಟು ಬಿಚ್ಚಿ ನೋಡಿ, ಬಿಸಿಲು, ಎಣ್ಣೆ ತಾಗದ ಒಳಗಡೆ ಬಣ್ಣ ಹೊಸದರ ಹಾಗೇ ಇರುತ್ತದೆ. ಟ್ಯಾಂಕಿನ ಕಡೆಯ ತುದಿಯನ್ನೂ ಬಿಚ್ಚಿ, ಎರಡೂ ತುದಿಗೆ ಮಲ್ಟಿಮೀಟರ್ ಹಿಡಿದು ಬೀಪ್ ಬಂದರೆ ಮಾತ್ರ ಸೇರಿಸಿ.

ವೈರು ಕೆಲಸ ಮುಗಿದು ಬ್ಯಾಟರಿ ಜೋಡಿಸಿದ ಮೇಲೆ ಹೊಗೆಗೆ ಬರೋಣ. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ, ಸರಿ, ಆದರೂ ದಯವಿಟ್ಟು ನಟ್ ಮುಟ್ಟಬೇಡಿ ಇನ್ನೂ. ಎಸ್‌ಯುನಲ್ಲಿ ಚೋಕ್ ಎಳೆದರೆ ಕಾರ್ಬುರೇಟರ್ ಕೆಳಗಿನ ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ಕೊಳವೆ, ಹೆಚ್ಚು ಪೆಟ್ರೋಲ್ ಕೊಡಲು ಕೆಳಕ್ಕಿಳಿಯುತ್ತದೆ. ಬಹಳ ದಿನ ನಿಂತ ಕಾರಿನಲ್ಲಿ ಅದು ಅಲ್ಲೇ ಕಚ್ಚಿಕೊಳ್ಳುತ್ತದೆ, ಚೋಕ್ ಒಳಗೆ ತಳ್ಳಿದರೂ ಮೇಲೆ ಬರುವುದಿಲ್ಲ. ಬೆರಳಿನಿಂದ ಮೇಲಕ್ಕೆ ಒತ್ತಿ ನೋಡಿ. ಟಕ್ ಅಂತ ಏರಿ, ಹೊಗೆ ನಿಂತರೆ ಅದೇ ಕಾಯಿಲೆ. ಏರ್ ಫಿಲ್ಟರ್, ಪ್ಲಗ್, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ ಕೂಡ ಮೊದಲೇ ಸರಿಮಾಡಿ.

ಇಷ್ಟಾದರೂ ಹೊಗೆ ಇದ್ದರೆ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಕಾರ್ಬುರೇಟರ್ ಒಳಗೆ ಗಾಳಿಯ ದಾರಿಯಲ್ಲಿ ಏರಿಳಿಯುವ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ತಕ್ಷಣ ಆಫ್ ಆಗುವ ಹಾಗಾದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಮೊದಲಿನ ಹದಕ್ಕೆ ಬಂದರೆ ಸರಿ. ಜೆಟ್ ಕೆಳಗಿನ ಆ ಮಿಕ್ಸ್ಚರ್ ನಟ್ ಮೇಲೇರಿಸಿದರೆ ಪೆಟ್ರೋಲ್ ಕಡಿಮೆ, ಇಳಿಸಿದರೆ ಜಾಸ್ತಿ. ನಟ್‌ಗೆ ಆರು ಮುಖ ಇದೆ, ಒಂದು ಸಲಕ್ಕೆ ಒಂದೇ ಮುಖ ತಿರುಗಿಸಿ, ಮತ್ತೆ ಪಿಸ್ಟನ್ ಎತ್ತಿ ನೋಡಿ.