ಸಣ್ಣ ಪ್ರಕಾಶನದವರು ತಮ್ಮ ಮಕ್ಕಳ ಪುಸ್ತಕಕ್ಕೆ ಬಂದ ಹೊಗಳಿಕೆಯನ್ನಷ್ಟೇ ಹಂಚುತ್ತಾರೆ, ನಂಬಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮಕ್ಕಳ ಪುಸ್ತಕ ಮಾಡುವ ಒಂದು ಪುಟ್ಟ ಕನ್ನಡ ಪ್ರಕಾಶನದ ವಾಟ್ಸಾಪ್ ಗುಂಪಿನಲ್ಲಿ ಇದ್ದೀರಿ. ಹೊಸ ಪುಸ್ತಕ ಬಂದ ವಾರವಿಡೀ ಅದರಲ್ಲಿ ಸ್ಕ್ರೀನ್‌ಶಾಟ್‌ಗಳು. ‘ಅದ್ಭುತ’, ‘ಪ್ರತಿ ಮನೆಯಲ್ಲೂ ಇರಬೇಕು’, ‘ಮಗಳು ಕೆಳಗೇ ಇಡ್ತಿಲ್ಲ’. ಒಂದೇ ಒಂದು ಕೊಂಕು ಮಾತಿಲ್ಲ. ನಿಮ್ಮ ಮಗ ಒಂದನೇ ಕ್ಲಾಸು. ಇದನ್ನು ನಂಬಿ ದುಡ್ಡು ಹಾಕಬಹುದಾ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಅಂಥದ್ದೇ ಒಂದು ಪ್ರಕಾಶನದಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಾವು ಒಟ್ಟು ಎರಡೂವರೆ ಜನ: ಮೇಡಂ, ನಾನು, ಸಂಜೆ ಕಾಲೇಜು ಮುಗಿಸಿ ಬಂದು ಪಾರ್ಸೆಲ್ ಕಟ್ಟುವ ಹುಡುಗ. ಆ ಸ್ಕ್ರೀನ್‌ಶಾಟ್‌ಗಳನ್ನು ಕತ್ತರಿಸಿ ಹಾಕುವವರು ಇರುತ್ತಾರಲ್ಲ, ನಮ್ಮಲ್ಲಿ ಅದು ನಾನೇ.

ಆ ಹೊಗಳಿಕೆ ಸುಳ್ಳಲ್ಲ. ನಾವು ಕೂತು ಸೃಷ್ಟಿ ಮಾಡುವುದಿಲ್ಲ, ಅದಕ್ಕೆ ಪುರುಸೊತ್ತೂ ಇಲ್ಲ. ಆದರೆ ಅದು ಸೋಸಿದ್ದು. ಸೋಸಿದ ಮೇಲೆ ಜರಡಿಯಲ್ಲಿ ಏನು ಉಳಿಯಿತು ಅಂತ ನಿಮಗೆ ಕಾಣುವುದಿಲ್ಲ. ಹಾಗಾಗಿ ಹೊಗಳಿಕೆ ಎಷ್ಟಿದೆ ಅಂತ ನೋಡಬೇಡಿ. ಅದರಲ್ಲಿ ಮಗು ಎಲ್ಲಾದರೂ ಇದೆಯಾ ಅಂತ ನೋಡಿ.

ನಾವು ಯಾಕೆ ಹೀಗೆ ಹಂಚುತ್ತೇವೆ ಅನ್ನುವುದನ್ನೂ ಹೇಳಬೇಕು. ದೊಡ್ಡವರ ಪುಸ್ತಕಕ್ಕೆ ಹೊಗಳಿಕೆಯ ವ್ಯವಸ್ಥೆ ಕನ್ನಡದಲ್ಲಿ ಚೆನ್ನಾಗಿಯೇ ಇದೆ. ಮುನ್ನುಡಿಯಲ್ಲಿ ಒಬ್ಬರು, ಬೆನ್ನುಡಿಯಲ್ಲಿ ಇನ್ನೊಬ್ಬರು, ಬಿಡುಗಡೆ ದಿನ ವೇದಿಕೆ ಮೇಲೆ ನಾಲ್ವರು. ಮಕ್ಕಳ ಪುಸ್ತಕಕ್ಕೆ ಅದೆಲ್ಲ ಇಲ್ಲ. ವಿಮರ್ಶೆಗೆ ಅಂತ ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸುತ್ತೇವೆ. ಅದೃಷ್ಟ ಇದ್ದರೆ ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹೆಸರು, ಪುಟ, ಬೆಲೆ ಬರುತ್ತದೆ. ಪುಸ್ತಕ ತಲುಪಿತು ಅಂತ ಗೊತ್ತಾಗುತ್ತದೆ, ಯಾರಾದರೂ ತೆರೆದರಾ ಅನ್ನುವುದು ಗೊತ್ತಾಗುವುದಿಲ್ಲ.

ಇತ್ತ ಸಾವಿರ ಪ್ರತಿ ಅಚ್ಚಾಗಿ ಕೂತಿರುತ್ತದೆ. ಬಣ್ಣದ ಪುಸ್ತಕವನ್ನು ಆಫ್‌ಸೆಟ್‌ನಲ್ಲಿ ಸಾವಿರಕ್ಕಿಂತ ಕಡಿಮೆ ಹೊಡೆಸಿದರೆ ಒಂದೊಂದು ಪ್ರತಿಯ ಖರ್ಚು ಏರುತ್ತದೆ, ಯಾಕೆಂದರೆ ನಾಲ್ಕು ಬಣ್ಣದ ನಾಲ್ಕು ಪ್ಲೇಟಿಗೆ ಕೊಡುವ ದುಡ್ಡು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಆ ಸಾವಿರದಲ್ಲಿ ಮುನ್ನೂರು ಮೇಡಂ ಮನೆಯ ಮಂಚದ ಕೆಳಗಿವೆ. ಅಂಗಡಿಗೆ ಹಾಕಿದರೆ ಅವರ ಪಾಲು ಹೋಗುತ್ತದೆ. ಅಂಚೆಯಲ್ಲಿ ಕಳಿಸೋಣ ಅಂದರೆ, ನಮ್ಮಂಥವರಿಗೆ ಆಸರೆಯಾಗಿದ್ದ ಅಗ್ಗದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತೇಹೋಯಿತು. ಅರವತ್ತು ರೂಪಾಯಿಯ ಪುಸ್ತಕಕ್ಕೆ ಕಳಿಸುವ ಖರ್ಚೇ ಭಾರ. ಜಾಹೀರಾತಿಗೆ ಎಲ್ಲಿಂದ ತರುವುದು? ಯಾರೋ ಒಬ್ಬ ತಾಯಿ ರಾತ್ರಿ ಹತ್ತು ಗಂಟೆಗೆ ‘ತುಂಬಾ ಚೆನ್ನಾಗಿದೆ ಮೇಡಂ’ ಅಂತ ಕಳಿಸಿದರೆ ಅದೇ ನಮ್ಮ ಜಾಹೀರಾತು.

ಎಲ್ಲರ ಸ್ಥಿತಿಯೂ ಹೀಗಿಲ್ಲ ಅನ್ನಿ. 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್ ಸರ್ಕಾರದ್ದು. ಅವರ ನೆಹರು ಬಾಲ ಪುಸ್ತಕಾಲಯದ ಪುಸ್ತಕಗಳನ್ನು ನೀವೂ ಸ್ಕೂಲ್ ಲೈಬ್ರರಿಯಲ್ಲಿ ನೋಡಿರುತ್ತೀರಿ. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಲಾಭಕ್ಕಾಗಿ ನಡೆಯುವುದಲ್ಲ. ಅವರ ಹೊಗಳಿಕೆಗೂ ನಮ್ಮದಕ್ಕೂ ಹಸಿವಿನ ವ್ಯತ್ಯಾಸ ಇದೆ.

ಈಗ ಕತ್ತರಿಯ ವಿಷಯ. ಹೇಳಲು ಸ್ವಲ್ಪ ನಾಚಿಕೆ.

ಮೂರು ವರ್ಷದ ಹಿಂದೆ ಅಜ್ಜನ ತೋಟದ ಬಗ್ಗೆ ಒಂದು ಚಿತ್ರಪುಸ್ತಕ ಮಾಡಿದೆವು. ಚಿತ್ರ ಬರೆದವರು ಪೇಟೆಯಲ್ಲೇ ಬೆಳೆದವರು. ನಾನೂ ಅಷ್ಟೇ. ಪುಸ್ತಕ ಬಂದ ನಾಲ್ಕನೇ ದಿನ ತೀರ್ಥಹಳ್ಳಿ ಕಡೆಯ ಒಬ್ಬ ತಂದೆ ಮೆಸೇಜು ಹಾಕಿದರು. ‘ಪುಸ್ತಕ ಬಹಳ ಚಂದ ಇದೆ. ಬಣ್ಣ ಕಣ್ಣಿಗೆ ಹಿತ. ಆದರೆ ಒಂಬತ್ತನೇ ಪುಟ ನೋಡಿ ಮಗಳು ಬಿದ್ದು ಬಿದ್ದು ನಗ್ತಿದ್ದಾಳೆ. ಹಲಸಿನ ಹಣ್ಣು ಮಾವಿನಕಾಯಿ ಥರ ಕೊಂಬೆ ತುದಿಯಲ್ಲಿ ತೂಗಾಡ್ತಿದೆಯಲ್ಲ, ಅದು ಬಿದ್ದರೆ ಅಜ್ಜನ ಗತಿ ಏನು ಅಂತ ಕೇಳ್ತಿದ್ದಾಳೆ.’

ಪುಟ ತೆಗೆದು ನೋಡಿದೆ. ಹೌದು. ಬೆರಳಿನಷ್ಟು ಸಣ್ಣ ಟೊಂಗೆ. ಅದರ ತುದಿಗೆ ಮುಳ್ಳು ಮುಳ್ಳಿನ ಮೂರು ಹಲಸು. ಹಲಸು ಬಿಡುವುದು ಬೊಡ್ಡೆಯ ಮೇಲೆ, ದಪ್ಪ ಕೊಂಬೆಯ ಮೇಲೆ. ಕೆಲವು ಮರದಲ್ಲಿ ಬುಡದ ಹತ್ತಿರವೇ, ಮಗು ಕೂತು ತಟ್ಟಿ ನೋಡುವಷ್ಟು ಕೆಳಗೆ. ಕರಡು ಎಂಟು ಜನರ ಕೈ ದಾಟಿತ್ತು. ಎಲ್ಲರೂ ಕಾಗುಣಿತ ನೋಡಿದ್ದರು. ಮರವನ್ನು ನೋಡಿದವರು ಯಾರೂ ಇಲ್ಲ.

ನಾನು ಏನು ಮಾಡಿದೆ ಗೊತ್ತಾ? ‘ಬಣ್ಣ ಕಣ್ಣಿಗೆ ಹಿತ’ ಎಂಬಲ್ಲಿಗೆ ಕತ್ತರಿಸಿ ಸ್ಟೇಟಸ್‌ಗೆ ಹಾಕಿದೆ. ಅವರು ನೋಡಿ ಒಂದು ನಗುವ ಮುಖ ಕಳಿಸಿದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಎರಡನೇ ಮುದ್ರಣದಲ್ಲಿ ಮರವನ್ನು ಹೊಸದಾಗಿ ಬರೆಸಿದೆವು, ಒಂದು ಪ್ರತಿಯನ್ನು ಆ ಹುಡುಗಿಗೆ ಕಳಿಸಿದೆವು. ಆದರೂ ಆ ವರ್ಷ ನಮ್ಮ ಪುಸ್ತಕಕ್ಕೆ ಬಂದ ಅತಿ ಒಳ್ಳೆಯ ವಿಮರ್ಶೆಯ ಉತ್ತಮ ಭಾಗವನ್ನೇ ನಾನು ಎಸೆದಿದ್ದೆ. ಒಂಬತ್ತನೇ ಪುಟದ ಟೊಂಗೆಯ ಮೇಲೆ ನಿಂತು ಕೆಳಗಿರುವ ಅಜ್ಜನ ಬಗ್ಗೆ ಚಿಂತೆ ಮಾಡಿದ ಮಗು ಆ ಪುಸ್ತಕದ ಒಳಗೇ ಹೋಗಿತ್ತು, ಅಲ್ವಾ?

ಅವತ್ತಿನಿಂದ ಬರುವ ಮೆಸೇಜುಗಳನ್ನು ಬೇರೆ ಥರ ಓದುತ್ತೇನೆ. ‘ಮೌಲ್ಯಯುತ’, ‘ಇಂದಿನ ಮಕ್ಕಳಿಗೆ ಅಗತ್ಯ’, ‘ಮೊಬೈಲ್ ಯುಗದಲ್ಲಿ ಶ್ಲಾಘನೀಯ’ ಅನ್ನುವ ಮಾತುಗಳು ನೂರಕ್ಕೆ ತೊಂಬತ್ತು ಸಲ ಪುಸ್ತಕವನ್ನು ಮಗುವಿನ ಕೈಗೆ ಕೊಡದವರದ್ದು. ಕೆಟ್ಟವರಲ್ಲ ಪಾಪ. ಗೌರವ ಪ್ರತಿ ಹೋಗಿರುತ್ತದೆ, ಮರ್ಯಾದೆಗೆ ಎರಡು ಸಾಲು ಬರೆಯುತ್ತಾರೆ. ಮೊದಲ ವಾರದ ಹೊಗಳಿಕೆ ಬಹುಪಾಲು ನೆಂಟರಿಷ್ಟರದ್ದೇ. ಬರೆದವರ ಅತ್ತಿಗೆ, ಚಿತ್ರಕಾರರ ಗೆಳೆಯ, ನಮ್ಮ ಮೇಡಂ ಅವರ ಹಳೇ ಕಾಲೇಜಿನ ಮೇಷ್ಟ್ರು. ಮದುವೆ ಊಟ ಚೆನ್ನಾಗಿತ್ತಾ ಅಂತ ಪಂಕ್ತಿಯಲ್ಲೇ ಕೇಳಿದರೆ ಯಾರು ಉಪ್ಪು ಕಡಿಮೆ ಅಂದಾರು?

ಆರು ತಿಂಗಳ ಮೇಲೆ ಬರುವ ಮಾತಿಗೆ ಬೆಲೆ ಜಾಸ್ತಿ. ನೀವಿರುವ ಗುಂಪಿನಲ್ಲಿ ಹಿಂದಕ್ಕೆ ಹೋಗಿ, ಹಳೇ ಪುಸ್ತಕದ ಬಗ್ಗೆ ಯಾರಾದರೂ ಈಗಲೂ ಮಾತಾಡುತ್ತಿದ್ದಾರಾ ನೋಡಿ. ಆಗ ಸಿಗುವ ಮಾತು ಹೀಗಿರುತ್ತದೆ: ‘ಆ ಕಪ್ಪೆ ಪುಟ ಬಂದಾಗಲೆಲ್ಲ ಪುಸ್ತಕ ಮುಚ್ಚಿಬಿಡ್ತಾನೆ, ಆಮೇಲೆ ಮೆಲ್ಲಗೆ ತೆಗೀತಾನೆ.’ ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ನಾನಾದರೆ ಇದನ್ನು ನಂಬಿ ಕೊಳ್ಳುತ್ತೇನೆ.

ಹೊರದೇಶದಲ್ಲಿರುವ ಕನ್ನಡದವರ ಹೊಗಳಿಕೆಯನ್ನು ಸ್ವಲ್ಪ ಬೇರೆಯಾಗಿ ತೂಗಿ. ಅಲ್ಲಿನ ಮಗುವಿಗೆ ಎಷ್ಟೋ ಸಲ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಓದುವವರು ಅಮ್ಮನೋ ಅಪ್ಪನೋ. ‘ಮಲಗುವಾಗ ದಿನಾ ಇದೇ ಬೇಕು’ ಅಂದರೆ ಕೇಳಿಸಿಕೊಳ್ಳಲು ಪುಸ್ತಕ ಚೆನ್ನಾಗಿದೆ ಅಂತ ಅರ್ಥ. ನಿಮ್ಮ ಮಗ ತಾನೇ ಓದಬಲ್ಲನಾ ಅನ್ನುವುದು ಬೇರೆ ಪ್ರಶ್ನೆ.

ಒಂದನೇ ಕ್ಲಾಸಿಗೆ ಮುಖ್ಯ ಪ್ರಶ್ನೆ ಅದೇ. ಯಾವ ಹೊಗಳಿಕೆಯಲ್ಲೂ ಅದಕ್ಕೆ ಉತ್ತರ ಇರುವುದಿಲ್ಲ. ಒತ್ತಕ್ಷರ ಎಷ್ಟಿದೆ ಅಂತ ನೋಡಿ. ನಾವೊಮ್ಮೆ ಒತ್ತಕ್ಷರವೇ ಇಲ್ಲದ ಕಥೆ ಮಾಡೋಣ ಅಂತ ಕೂತೆವು. ಸುಲಭ ಅಂದುಕೊಂಡಿದ್ದೆ. ಕೂತ ಮೇಲೆ ಗೊತ್ತಾಯಿತು, ಅಮ್ಮ ಬರುವಂತಿಲ್ಲ. ಅಪ್ಪ, ಅಜ್ಜಿ, ಅಜ್ಜ, ಅಕ್ಕ, ಅಣ್ಣ, ತಮ್ಮ, ಅತ್ತೆ, ಚಿಕ್ಕಪ್ಪ, ದೊಡ್ಡಮ್ಮ, ಯಾರೂ ಬರುವಂತಿಲ್ಲ. ತುಂಬಿದ ಮನೆಯಲ್ಲಿ ಉಳಿದವರು ಮಾವ ಮತ್ತು ತಂಗಿ. ಬೆಕ್ಕು ಹೋಯಿತು, ಹಕ್ಕಿ ಹೋಯಿತು, ಎಮ್ಮೆ, ಕತ್ತೆ ಎಲ್ಲ ಹೋದವು. ಅನ್ನ, ರೊಟ್ಟಿ, ಮುದ್ದೆ, ಇಡ್ಲಿ ಇಲ್ಲ. ದೋಸೆ ಒಂದು ಬಚಾವ್. ‘ಮನೆಯಲ್ಲಿ’ ಅನ್ನಲು ‘ಲ್ಲಿ’ ಅಡ್ಡ ಬಂತು, ‘ಮನೆಯೊಳಗೆ’ ಅಂದೆವು. ‘ಬರುತ್ತದೆ’, ‘ಹೋಗುತ್ತದೆ’ ಎಲ್ಲಕ್ಕೂ ‘ತ್ತ’ ಇದೆ, ಹಾಗಾಗಿ ಕಥೆಯೆಲ್ಲ ಆಗಿಹೋದದ್ದೇ ಆಗಬೇಕಾಯಿತು. ಕೊನೆಗೆ ನಿಂತದ್ದು ‘ತಂಗಿ ಮನೆಯೊಳಗೆ ಬಂದಳು. ಮಾವ ದೋಸೆ ಮಾಡಿದ’ ಅನ್ನುವ ಥರದ ಹದಿನಾರು ಪುಟ.

ಆ ಪುಸ್ತಕಕ್ಕೆ ಬಂದ ಹೊಗಳಿಕೆ ಬಹಳ ಕಡಿಮೆ. ದೊಡ್ಡವರಿಗೆ ಸಪ್ಪೆ ಅನಿಸಿತು. ಒಬ್ಬರು ‘ಇದರಲ್ಲಿ ನೀತಿ ಏನು?’ ಅಂತ ಕೇಳಿದರು. ದೋಸೆ ತಿಂದರು, ಅದೇ ನೀತಿ ಅಂತ ಹೇಳಬೇಕು ಅನಿಸಿತು, ಸುಮ್ನಾದೆ. ಆದರೆ ಜಾಸ್ತಿ ಬೇಡಿಕೆ ಇರುವುದು ಅದಕ್ಕೇ. ಅಕ್ಷರ ಈಗಷ್ಟೇ ಕಲಿತ ಮಗು ಮೊದಲ ಸಲ ಒಂದು ಇಡೀ ಪುಸ್ತಕವನ್ನು ಯಾರ ಸಹಾಯವೂ ಇಲ್ಲದೆ ಮುಗಿಸುತ್ತದೆ. ಮುಗಿಸಿ, ಮನೆಯಲ್ಲಿ ಸಿಕ್ಕಿದವರನ್ನೆಲ್ಲ ಕೂರಿಸಿಕೊಂಡು ಮತ್ತೆ ಓದುತ್ತದೆ. ಅದನ್ನು ಟೈಪ್ ಮಾಡಿ ಕಳಿಸಲು ಅದಕ್ಕೆ ಫೋನ್ ಇಲ್ಲ.

ಪ್ರಶಸ್ತಿ ನೋಡಿ ಕೊಳ್ಳಬಹುದಾ ಅಂತಲೂ ಕೆಲವರು ಕೇಳುತ್ತಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ ಮೊದಲ ವರ್ಷ ಅದು ಬೊಳುವಾರು ಮಹಮದ್ ಕುಂಞಿ ಅವರಿಗೆ ಬಂತು, ಗಾಂಧೀಜಿ ಬಗ್ಗೆ ಮಕ್ಕಳಿಗೆ ಬರೆದ ಪುಸ್ತಕಕ್ಕೆ. ಆ ಪಟ್ಟಿ ಒಳ್ಳೆಯದೇ. ಆದರೆ ಅಲ್ಲಿನ ಬಹಳಷ್ಟು ಪುಸ್ತಕ ನಿಮ್ಮ ಮಗ ಐದನೇ ಕ್ಲಾಸಿಗೆ ಬಂದಾಗ ಬೇಕಾಗುತ್ತವೆ.

ಹಾಗಾದರೆ ಈಗ ಏನು ಮಾಡುವುದು? ಆ ಪ್ರಕಾಶನದವರಿಗೆ ನೇರ ಮೆಸೇಜು ಹಾಕಿ, ‘ಒಳಗಿನ ಎರಡು ಪುಟದ ಫೋಟೋ ಕಳಿಸಿ’ ಅನ್ನಿ. ಮುಖಪುಟ ಎಲ್ಲರದ್ದೂ ಚೆನ್ನಾಗಿರುತ್ತದೆ. ಒಳಪುಟದಲ್ಲಿ ಅಕ್ಷರ ಎಷ್ಟು ದೊಡ್ಡದಿದೆ, ಕಡು ಬಣ್ಣದ ಚಿತ್ರದ ಮೇಲೆ ಕಪ್ಪು ಅಕ್ಷರ ಕೂರಿಸಿದ್ದಾರಾ, ಸಾಲಿನ ಕೊನೆಗೆ ಪದವನ್ನು ಎಲ್ಲೆಂದರಲ್ಲಿ ಮುರಿದಿದ್ದಾರಾ ನೋಡಿ. ‘ಓಡಿಹೋಗು-’ ಒಂದು ಸಾಲಿನಲ್ಲಿ, ‘ತ್ತಿದ್ದಳು’ ಇನ್ನೊಂದರಲ್ಲಿ ಇದ್ದರೆ ಆರು ವರ್ಷದ ಮಗು ಅಲ್ಲೇ ಎಡವುತ್ತದೆ. ಆಮೇಲೆ ಮೊದಲ ಒಳಪುಟದ ಹಿಂಬದಿ, ನಾವು ಕಾಗದದ ಜಿಎಸ್‌ಎಂ (ಅಂದರೆ ಕಾಗದದ ತೂಕದ ಅಳತೆ), ಆಕಾರ, ‘ಪ್ರತಿಗಳು: 1000’ ಅಂತ ಹಾಕಿರುತ್ತೇವಲ್ಲ, ಅದರ ಫೋಟೋ ಕೇಳಿ. ಮೂರನೇ ಮುದ್ರಣ ಅಂತಿದ್ದರೆ ಅದು ಹತ್ತು ಸ್ಕ್ರೀನ್‌ಶಾಟ್‌ಗೆ ಸಮ. ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಒಳಪುಟ ಕೇಳುವವರು ಸಿಕ್ಕರೆ ನಮಗೆ ಖುಷಿಯೇ.

ಇನ್ನೊಂದು, ಕಣ್ಣು ಪಳಗಲು ದುಡ್ಡು ಬೇಕಾಗಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟಿನಲ್ಲಿ 2015ರಿಂದ ಕನ್ನಡವೂ ಸೇರಿ ಹಲವು ಭಾಷೆಯ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಓದಿನ ಹಂತದ ಪ್ರಕಾರ ವಿಂಗಡಿಸಿಟ್ಟಿದ್ದಾರೆ. ಮಗನ ಜೊತೆ ಹತ್ತು ಪುಸ್ತಕ ಓದಿ. ಅವನು ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಹಿಂದಿನ ಪುಟಕ್ಕೆ ಹೋಗುತ್ತಾನೆ ನೋಡಿ. ಆಮೇಲೆ ನಮ್ಮ ಸ್ಟೇಟಸ್ ನೋಡಿದರೆ ಯಾವುದು ಖಾಲಿ ಮಾತು ಅಂತ ನಿಮಗೇ ಕಾಣುತ್ತದೆ.

ಹೋದ ತಿಂಗಳು ಕೊಪ್ಪಳ ಕಡೆಯ ಸರ್ಕಾರಿ ಶಾಲೆಯ ಟೀಚರೊಬ್ಬರು ಆ ದೋಸೆ ಪುಸ್ತಕದ ಫೋಟೋ ಕಳಿಸಿದ್ದರು. ಪಿನ್ ಬಿಟ್ಟು ನಡುವಿನ ಹಾಳೆಗಳು ಕಿತ್ತುಬಂದಿವೆ. ರಟ್ಟಿನ ಮೂಲೆ ಮೆತ್ತಗಾಗಿ ನಾಯಿಕಿವಿಯಂತೆ ಬಾಗಿದೆ. ಮಾವನ ಮೀಸೆಗೆ ಯಾರೋ ಪೆನ್ಸಿಲ್‌ನಿಂದ ಇನ್ನಷ್ಟು ಉದ್ದ ಕೊಟ್ಟಿದ್ದಾರೆ. ಕೆಳಗೆ ಬರೆದಿದ್ದರು: ‘ಸರತಿಗಾಗಿ ಜಗಳ ಆಡ್ತಾವ್ರಿ. ಇನ್ನೂ ಎರಡು ಕಳಸ್ರಿ, ರೊಕ್ಕ ಹಾಕ್ತೀನಿ.’

ಇದನ್ನು ಹಾಗೇ, ಒಂದಿಂಚೂ ಕತ್ತರಿಸದೆ ಸ್ಟೇಟಸ್‌ಗೆ ಹಾಕೋಣ ಅಂದೆ. ಮೇಡಂ ಕನ್ನಡಕ ಏರಿಸಿಕೊಂಡು ಫೋಟೋ ನೋಡಿದರು. ‘ಬೇಡ ಕಣೋ, ಬೈಂಡಿಂಗ್ ಸರಿ ಇಲ್ಲ ಅಂತಾರೆ’ ಅಂದರು.