ರೂಪಾಯಿ–ರಿಯಲ್ ಹಳೇ ದರಗಳ ಸರಾಸರಿ ನೋಡಿ ಕಾಫಿ ಹಿಡಿದಿಟ್ಟುಕೊಳ್ಳಬಹುದೇ?

ರೂಪಾಯಿಗೂ, ಕಾಫಿ ಅತಿ ಹೆಚ್ಚು ಬೆಳೆಯುವ ಬ್ರೆಜಿಲ್‌ನ ಕರೆನ್ಸಿ ರಿಯಲ್‌ಗೂ ಇಪ್ಪತ್ತು ವರ್ಷದ ವಿನಿಮಯ ದರ ಎಲ್ಲಿ ಸಿಗುತ್ತದೆ, ಅದರ ಸರಾಸರಿ ನೋಡಿ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜ) ಮಾರುವುದೋ ಬೇಡವೋ ತೀರ್ಮಾನಿಸುತ್ತೇನೆ ಅಂದಿದ್ದೀರಿ. 2015ರಲ್ಲಿ ನಾನೂ ಇದನ್ನೇ ಮಾಡಿದ್ದೆ.

ನಮ್ಮದು ಮೂಡಿಗೆರೆ ಕಡೆ ಅರೇಬಿಕಾ ತೋಟ. 2014ರಲ್ಲಿ ಬ್ರೆಜಿಲ್‌ನಲ್ಲಿ ಬರ ಬಂದು ನ್ಯೂಯಾರ್ಕ್ ವಾಯಿದಾ ಪೇಟೆಯ ಕಾಫಿ ದರ ಒಂದು ಪೌಂಡ್ ತೂಕಕ್ಕೆ 2 ಡಾಲರ್ ದಾಟಿತ್ತು. ಆ ರೇಟೇ ತಲೆಯಲ್ಲಿ ಕೂತಿತ್ತು. ಮರುವರ್ಷ ಕೊಯ್ಲು ಮುಗಿಯುವಷ್ಟರಲ್ಲಿ ದರ ಇಳಿಯುತ್ತಾ ಬಂತು. ಬ್ರೆಜಿಲ್ ಕರೆನ್ಸಿ ಬೀಳುತ್ತಿದೆ, ಅದಕ್ಕೇ ಹೀಗೆ ಅಂತ ವ್ಯಾಪಾರಿಗಳು ಹೇಳುತ್ತಿದ್ದರು. ಅದು ನಿಜವೇ. ನಾನು ಹಳೇ ದರಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿ ಕೂತೆ. 2005ರಿಂದ 2014ರವರೆಗೆ ಒಂದು ರಿಯಲ್‌ಗೆ ಸರಾಸರಿ ಹತ್ತಿರ ಹತ್ತಿರ 24 ರೂಪಾಯಿ. 2011ರಲ್ಲಂತೂ 28ರ ಆಸುಪಾಸು. 2015ರ ಮಾರ್ಚ್ ಕೊನೆಗೆ ಅದು 19.5ಕ್ಕೆ ಬಂದಿತ್ತು. ಇಷ್ಟು ಬಿದ್ದದ್ದು 24ಕ್ಕೆ ಏರಲೇಬೇಕು, ಅದರ ಜೊತೆ ಕಾಫಿಯೂ ಏರುತ್ತದೆ ಅಂತ ಲೆಕ್ಕ ಹಾಕಿ ಆ ವರ್ಷದ ಪಾರ್ಚ್‌ಮೆಂಟನ್ನು ಗೋದಾಮಿನಲ್ಲೇ ಬಿಟ್ಟೆ.

ಸೆಪ್ಟೆಂಬರ್ ಹೊತ್ತಿಗೆ ರಿಯಲ್ 16ರ ಸುತ್ತ ಇತ್ತು. ಇಡೀ ಮಳೆಗಾಲ ಥಂಡಿ ಕುಡಿದ ಚೀಲಗಳಿಗೆ ಕೊಳವೆ ಚುಚ್ಚಿ ಮಾದರಿ ತೆಗೆದ ವ್ಯಾಪಾರಿಯ ಹುಡುಗ, ನಾಲ್ಕು ಕಾಳು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಊದಿ ಬೆಳಕಿಗೆ ಹಿಡಿದು, 'ಬಣ್ಣ ಬಿಟ್ಟಿದೆ ಅಣ್ಣ' ಅಂದ. ಇಳಿದ ರೇಟಿನಲ್ಲೂ ಇನ್ನಷ್ಟು ಕಡಿತ, ಅತ್ತ ಬೆಳೆ ಸಾಲದ ಬಡ್ಡಿ.

ತಪ್ಪಾದದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಆಗ ನನಗೆ ಯಾರೂ ಹೇಳಿರಲಿಲ್ಲ. ಆ 24 ಅನ್ನುವ ಅಂಕಿ ಹುಟ್ಟಿದ್ದು ಒಂದು ವಿಶೇಷ ದಶಕದಲ್ಲಿ. ಚೀನಾ ಬ್ರೆಜಿಲ್‌ನ ಕಬ್ಬಿಣದ ಅದಿರು, ಸೋಯಾ ಬಾಚಿ ಬಾಚಿ ಕೊಳ್ಳುತ್ತಿತ್ತು. ಅಲ್ಲಿನ ಬಡ್ಡಿ ದರಕ್ಕೆ ಆಸೆಪಟ್ಟು ಹೊರಗಿನ ದುಡ್ಡು ಹರಿಯುತ್ತಿತ್ತು. 2009ರಿಂದ 2013ರವರೆಗೆ ನಮ್ಮ ಹಣದುಬ್ಬರ ಶೇ 10ರ ಆಸುಪಾಸು, ಅವರದು 4ರಿಂದ 6.5ರ ಒಳಗೆ. ಹಾಗಾಗಿ ರೂಪಾಯಿ ಎದುರು ರಿಯಲ್ ಗಟ್ಟಿಯಾಗಿತ್ತು. 2015ಕ್ಕೆ ಎಲ್ಲ ತಿರುಗಿತು: ಅವರ ಹಣದುಬ್ಬರ ಶೇ 10.67, ನಮ್ಮದು 5ರ ಹತ್ತಿರ. ಅಲ್ಲಿನ ಸರ್ಕಾರಿ ತೈಲ ಕಂಪನಿ ಪೆಟ್ರೋಬ್ರಾಸ್‌ನ ಹಗರಣ, ಸರ್ಕಾರದ ಲೆಕ್ಕಪತ್ರದ ಗೊಂದಲ, ಸೆಪ್ಟೆಂಬರ್‌ನಲ್ಲಿ ಎಸ್ ಅಂಡ್ ಪಿ ಸಂಸ್ಥೆ ಆ ದೇಶದ ಸಾಲದ ರೇಟಿಂಗ್ ಇಳಿಸಿದ್ದು ಬೇರೆ. 24ನ್ನು ಹಿಡಿದು ನಿಲ್ಲಿಸಿದ್ದ ಕಾರಣಗಳೇ ಇಲ್ಲವಾದ ಮೇಲೆ 24 ಯಾಕೆ ಬರಬೇಕು? ಅಲ್ಲಿಂದ ಇಲ್ಲಿವರೆಗೆ ಅದು ಮತ್ತೆ ಬಂದಿಲ್ಲ. 2020ರ ಮೇನಲ್ಲಿ 13ಕ್ಕೂ ಇಳಿದಿತ್ತು. 1999ರ ಜನವರಿಯಲ್ಲಿ ರಿಯಲ್ ಅನ್ನು ಮಾರುಕಟ್ಟೆಗೆ ಬಿಟ್ಟಾಗಲೂ ತಿಂಗಳೊಳಗೆ 35 ರೂಪಾಯಿಯಿಂದ 21ಕ್ಕೆ ಬಿದ್ದಿತ್ತು. ಆ 35 ಇವತ್ತಿಗೂ ವಾಪಸ್ ಬಂದಿಲ್ಲ.

ಇನ್ನೊಂದು ಲೆಕ್ಕ ನೋಡಿ. 2015ರ ಜನವರಿಯಲ್ಲಿ ನ್ಯೂಯಾರ್ಕ್ ದರ ಸುಮಾರು 1.65 ಡಾಲರ್, ಡಾಲರಿಗೆ 2.65 ರಿಯಲ್. ಬ್ರೆಜಿಲ್ ರೈತನಿಗೆ ಪೌಂಡಿಗೆ ಹೆಚ್ಚುಕಮ್ಮಿ 4.40 ರಿಯಲ್ ಆಯಿತು. ಸೆಪ್ಟೆಂಬರ್‌ನಲ್ಲಿ ದರ 1.20ಕ್ಕೆ ಬಿದ್ದರೂ ಡಾಲರಿಗೆ 3.90 ಸಿಗುತ್ತಿದ್ದರಿಂದ ಅವನಿಗೆ 4.70 ರಿಯಲ್. ಅವನು ಖುಷಿಯಿಂದ ಮಾರಿದ. ನಮಗೆ ಡಾಲರ್ 62ರಿಂದ 66ಕ್ಕಷ್ಟೇ ಏರಿದ್ದು. 102 ರೂಪಾಯಿ ಆಗುತ್ತಿದ್ದದ್ದು 79ಕ್ಕೆ ಇಳಿಯಿತು. ನಾನು ಕಾಯುತ್ತಾ ಕೂತಿದ್ದ ದಿನಗಳಲ್ಲೇ ಅವನ ಮಾಲು ಹಡಗು ಹತ್ತುತ್ತಿತ್ತು.

ಹಳೇ ವಿನಿಮಯ ದರ ಬೇಕೇಬೇಕು ಅಂದರೆ ಸಿಗುತ್ತದೆ. ರೂಪಾಯಿ–ರಿಯಲ್ ನೇರ ವಹಿವಾಟು ಇಲ್ಲವೆಂದೇ ಇಟ್ಟುಕೊಳ್ಳಿ; ವೆಬ್‌ಸೈಟುಗಳು ತೋರಿಸುವ ಗೆರೆ ಡಾಲರ್ ಮೂಲಕ ಭಾಗಿಸಿ ಬಂದದ್ದು. ಮುಂಬೈನಲ್ಲಿ ದಿನಾ ಪ್ರಕಟಿಸುವ ಡಾಲರ್ ರೆಫರೆನ್ಸ್ ದರವನ್ನು ಬ್ರೆಜಿಲ್ ಕೇಂದ್ರ ಬ್ಯಾಂಕ್ ಪ್ರಕಟಿಸುವ ಪಿಟ್ಯಾಕ್ಸ್ ಅನ್ನುವ ಡಾಲರ್ ದರಕ್ಕೆ ಜೋಡಿಸಲು ಹೋಗಬೇಡಿ; ನಮಗೂ ಅಲ್ಲಿನ ರಾಜಧಾನಿ ಬ್ರೆಸಿಲಿಯಾಗೂ ಎಂಟೂವರೆ ಗಂಟೆ ಅಂತರ, ಎರಡೂ ಒಂದೇ ಹೊತ್ತಿನ ದರ ಅಲ್ಲ. ಅಮೆರಿಕದ ಫೆಡರಲ್ ರಿಸರ್ವ್‌ನ ಎಚ್.10 ಪಟ್ಟಿಯಲ್ಲಿ ಎರಡೂ ಕರೆನ್ಸಿಯ ನ್ಯೂಯಾರ್ಕ್ ಮಧ್ಯಾಹ್ನದ ದರ ಇದೆ, ರೂಪಾಯಿಗೆ 1973ರಿಂದ, ರಿಯಲ್‌ಗೆ 1995ರಿಂದ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಆಯಿತು. 1994ರ ಜುಲೈಗಿಂತ ಹಿಂದಕ್ಕೆ ಹೋಗಬೇಡಿ. 2,750 ಹಳೇ ಕ್ರುಜೇರೊ ರಿಯಲ್‌ಗೆ ಒಂದು ಹೊಸ ರಿಯಲ್ ಮಾಡಿದ್ದು ಆಗ, ಅದಕ್ಕೂ ಹಿಂದಿನ ಅಂಕಿಗಳಿಂದ ನಿಮಗೆ ಉಪಯೋಗವಿಲ್ಲ.

ಆದರೆ ಆ ಪಟ್ಟಿ ನೋಡಿ ಮಾರುವ ದಿನ ಗೊತ್ತುಮಾಡಬೇಡಿ. 2024ರ ಡಿಸೆಂಬರ್‌ನಲ್ಲಿ ಡಾಲರಿಗೆ 6 ರಿಯಲ್ ದಾಟಿ ಅದು ನೆಲಕಚ್ಚಿದ್ದಾಗಲೇ ಅರೇಬಿಕಾ 1977ರ ದಾಖಲೆ ಮುರಿಯಿತು. ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟಿತ್ತು, ಕರೆನ್ಸಿಯ ಮಾತು ಯಾರೂ ಕೇಳಲಿಲ್ಲ. ಗೋದಾಮಿನಲ್ಲಿರುವ ಮಾಲಿನ ಮೇಲೆ ಸಾಲ ಇದ್ದರೆ ಜೂನ್ ಮಳೆ ಹಿಡಿಯುವ ಮೊದಲು ಅದು ತೀರುವಷ್ಟು ಮಾರಿ. ಮಿಕ್ಕಿದ್ದನ್ನು ಇಟ್ಟುಕೊಳ್ಳುವುದಾದರೆ ಪಾರ್ಚ್‌ಮೆಂಟ್ ಆಗಿ ಮನೆಯಲ್ಲಿ ಬೇಡ, ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಳಿಸಿ.