ಟೀಮ್‌ನಲ್ಲಿ ಒಬ್ಬರಿಗೆ ಕಡಿಮೆ ರೇಟಿಂಗ್ ಕೊಡಲೇಬೇಕು ಅಂದರೆ ಯಾವ ಅಪ್ರೈಸಲ್ ವಿಧಾನ ಒಳ್ಳೆಯದು? ಬೆಲ್ ಕರ್ವ್, 360 ಡಿಗ್ರಿ, ಒಕೆಆರ್?

9 ಜನರ ಟೀಮ್, ಹೊಸ ಲೀಡ್, ಒಬ್ಬರು ಕೊನೆಯ ಖಾನೆಗೆ ಹೋಗಲೇಬೇಕು, ಮುಂದಿನ ವಾರವೇ ಅಪ್ರೈಸಲ್. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ನನಗೆ 2012ರ ಮಾರ್ಚ್ ನೆನಪಾಯಿತು.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ, ಹೆಸರು ಬೇಡ. ನಾನು ಲೀಡ್ ಆಗಿ 8 ತಿಂಗಳಾಗಿತ್ತು, ಕೈಕೆಳಗೆ 11 ಜನ. ಎಚ್‌ಆರ್‌ನವರು ಒಂದು ಎಕ್ಸೆಲ್ ಶೀಟ್ ಕಳಿಸಿದ್ದರು. ಎ, ಬಿ, ಸಿ, ಡಿ ಅಂತ ನಾಲ್ಕು ಖಾನೆ, ಡಿ ಅಂದರೆ ಎಲ್ಲಕ್ಕಿಂತ ಕಡಿಮೆ ರೇಟಿಂಗ್. ಪ್ರತಿ ಖಾನೆಗೂ ಇಷ್ಟು ಜನ ಇರಲೇಬೇಕು ಅನ್ನುವ ಈ ಹಂಚಿಕೆಯೇ ಬೆಲ್ ಕರ್ವ್. ಡಿ ಖಾಲಿ ಇದ್ದರೆ ಮೇಲಿನ ಸೆಲ್ ಕೆಂಪಗಾಗುತ್ತಿತ್ತು. ಅದು ಹಸಿರಾಗುವವರೆಗೆ ನನ್ನ ಮ್ಯಾನೇಜರ್ ಫೋನ್ ನಿಲ್ಲುತ್ತಿರಲಿಲ್ಲ.

ನಾನು ಮಾಡಿದ ತಪ್ಪು ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನೇ ನೀವೂ ಮಾಡುವ ಸಾಧ್ಯತೆ ಜಾಸ್ತಿ. ಡಿ ಕೊಟ್ಟಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ವರ್ಷವಿಡೀ ಯಾರ ಬಗ್ಗೆಯೂ ಒಂದು ಸಾಲು ಬರೆದಿಟ್ಟಿರಲಿಲ್ಲ, ಅದು ತಪ್ಪು. ಕೊನೆಯ ದಿನ ರಾತ್ರಿ ಕೂತು ಮೇಲ್ ಬಾಕ್ಸ್‌ನಲ್ಲಿ ಒಬ್ಬೊಬ್ಬರ ಹೆಸರು ಹಾಕಿ ಹುಡುಕಿದೆ. ಕ್ಲೈಂಟ್ ಯಾರನ್ನು ಹೊಗಳಿದ್ದಾರೆ, ಯಾರ ಹೆಸರು ಜಾಸ್ತಿ ಬರುತ್ತದೆ ಅಂತ ಎಣಿಸಿದೆ. ಬಹಳ ನ್ಯಾಯವಾಗಿ ಮಾಡುತ್ತಿದ್ದೇನೆ ಅಂತ ಬೇರೆ ಅಂದುಕೊಂಡಿದ್ದೆ! ಹಾವೇರಿ ಕಡೆಯ ಒಬ್ಬ ಹುಡುಗನ ಹೆಸರಿಗೆ ಮೂರೇ ಮೇಲ್ ಬಂದವು, ಅದರಲ್ಲಿ ಎರಡು ರಜೆ ಅರ್ಜಿ. ಅವನು ನೋಡಿಕೊಳ್ಳುತ್ತಿದ್ದದ್ದು ಕ್ಲೈಂಟ್‌ನ ಬಿಲ್ಲಿಂಗ್ ಬ್ಯಾಚ್, ಅಂದರೆ ಬಿಲ್‌ಗಳನ್ನು ಒಟ್ಟಿಗೆ ತಯಾರಿಸುವ ಪ್ರೋಗ್ರಾಂ, ರಾತ್ರಿ 2ಕ್ಕೆ ಶುರುವಾಗಿ ಬೆಳಗ್ಗೆ 6ರೊಳಗೆ ಮುಗಿಯಬೇಕಾದ ಕೆಲಸ. ಅದು ಸರಿಯಾಗಿ ಮುಗಿದ ದಿನ ಯಾರು ಮೇಲ್ ಹಾಕುತ್ತಾರೆ ಹೇಳಿ? ಕೆಟ್ಟಾಗ ಮಾತ್ರ ಮೇಲ್ ಬರುತ್ತದೆ, ಅವನು ಕೆಡಲು ಬಿಟ್ಟಿರಲಿಲ್ಲ. ಅವನ ಹೆಸರನ್ನು ಡಿಗೆ ಎಳೆದೆ, ಸೆಲ್ ಹಸಿರಾಯಿತು, ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಜಗಳ ಮಾಡುವವನಲ್ಲ ಅನ್ನುವ ಲೆಕ್ಕಾಚಾರವೂ ಒಳಗೊಳಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಮೀಟಿಂಗ್ ರೂಮಿನಲ್ಲಿ ಅವನು ಕೇಳಿದ್ದು ಒಂದೇ. "ಸರ್, ನಾನು ಏನು ತಪ್ಪು ಮಾಡೀನಿ, ಒಂದು ಹೇಳ್ರಿ." ನನ್ನ ಹತ್ತಿರ ಒಂದೂ ಇರಲಿಲ್ಲ. ಕರ್ವ್, ಪಾಲಿಸಿ, ಮುಂದಿನ ವರ್ಷ ಅಂತ ಏನೇನೋ ಹೇಳಿದೆ. ಜೂನ್‌ನಲ್ಲಿ ರಾಜೀನಾಮೆ ಕೊಟ್ಟ. ಅವನು ಹೋದ ಮೇಲಿನ ಮೊದಲ ತಿಂಗಳ ಕೊನೆಯಲ್ಲೇ ಬ್ಯಾಚ್ ನಿಂತಿತು, ನಾನೂ ಟೀಮ್‌ನ ಇನ್ನೊಬ್ಬರೂ ಮೂರು ರಾತ್ರಿ ಆಫೀಸಿನಲ್ಲೇ ಇದ್ದೆವು. ಅವನ ಹ್ಯಾಂಡೋವರ್ ಫೈಲ್ ತೆರೆದದ್ದು ಆಗಲೇ. ದಿನಾ ರಾತ್ರಿ ಮಲಗುವ ಮುಂಚೆ ಏನೇನು ನೋಡಬೇಕು ಅಂತ 17 ಸಾಲು ಬರೆದಿಟ್ಟಿದ್ದ.

ಈಗ ನಿಮ್ಮ ಪ್ರಶ್ನೆಗೆ. ಯಾವ ವಿಧಾನ ಒಳ್ಳೆಯದು ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಕೈಯಲ್ಲಿ ಟಿಪ್ಪಣಿ ಇಲ್ಲದಿದ್ದರೆ ಯಾವ ವಿಧಾನ ಹಾಕಿದರೂ ಹೊರಬರುವುದು ಕೊನೆಯ ಎರಡು ತಿಂಗಳ ನೆನಪು ಮಾತ್ರ. 360 ಡಿಗ್ರಿಯಲ್ಲಿ ಬಾಸ್ ಮಾತ್ರವಲ್ಲ, ಜೊತೆಯವರೂ ರೇಟಿಂಗ್ ಕೊಡುತ್ತಾರೆ, ಹಾಗಾಗಿ ಜೊತೆಗೆ ಟೀ ಕುಡಿಯುವವರು ಒಬ್ಬರಿಗೊಬ್ಬರು 5ಕ್ಕೆ 5 ಹಾಕುತ್ತಾರೆ. ಒಕೆಆರ್, ಅಂದರೆ ಗುರಿಯನ್ನೂ ಅದನ್ನು ಅಳೆಯುವ ಫಲಿತಾಂಶಗಳನ್ನೂ ಮೊದಲೇ ಬರೆದಿಡುವ ಪದ್ಧತಿ, ಇಂಟೆಲ್‌ನಲ್ಲಿ ಹುಟ್ಟಿ ಗೂಗಲ್‌ನಿಂದ ಹೆಸರಾದದ್ದು, ಒಳ್ಳೆಯದೇ, ಆದರೆ ಅದನ್ನು ಸಂಬಳಕ್ಕೆ ಕಟ್ಟಿದರೆ ಎಲ್ಲರೂ ಮುಟ್ಟಬಲ್ಲ ಗುರಿಯನ್ನೇ ಬರೆಯುತ್ತಾರೆ. ಬೆಲ್ ಕರ್ವ್ ಅಂತೂ ಬೇಡವೇ ಬೇಡ. ಅಮೆರಿಕದ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ಮುಖ್ಯಸ್ಥನಾಗಿದ್ದ ಜಾಕ್ ವೆಲ್ಚ್ ಮೇಲಿನ 20, ಮಧ್ಯದ 70, ಕೆಳಗಿನ 10 ಶೇಕಡಾ ಅಂತ ಜನರನ್ನು ಹಂಚಿದ್ದು ಲಕ್ಷಾಂತರ ಜನ ಇದ್ದ ಕಂಪನಿಯಲ್ಲಿ, 9 ಜನರ ಟೀಮ್‌ನಲ್ಲಿ ಅಲ್ಲ. ಮೈಕ್ರೋಸಾಫ್ಟ್ 2013ರಲ್ಲೇ ಇಂಥ ಶ್ರೇಯಾಂಕ ಕೈಬಿಟ್ಟಿತು, ಅಡೋಬಿ ಅದಕ್ಕೂ ಮುಂಚೆ, 2012ರಲ್ಲಿ, ವಾರ್ಷಿಕ ಅಪ್ರೈಸಲ್ಲನ್ನೇ ನಿಲ್ಲಿಸಿತು. ನನ್ನ ಶೀಟ್ ಕೆಂಪಗಾಗುತ್ತಿದ್ದದ್ದೂ ಅದೇ ವರ್ಷ, ನೋಡಿ.

ಇನ್ನೊಂದು. ಈಗ ಎಐಗೆ ನಾಲ್ಕು ಪದ ಕೊಟ್ಟು ರಿವ್ಯೂ ಬರೆಸುವವರು ಜಾಸ್ತಿಯಾಗಿದ್ದಾರೆ. ಭಾಷೆ ಚೆನ್ನಾಗಿರುತ್ತದೆ, ಆದರೆ ಆ ಹುಡುಗ ಕೇಳಿದ ಪ್ರಶ್ನೆಗೆ ಅದರಲ್ಲೂ ಉತ್ತರ ಇರುವುದಿಲ್ಲ.

ನಿಮಗೆ ಇರುವುದು ಒಂದು ವಾರ. ನಾಳೆಯೇ 9 ಜನರನ್ನೂ ಒಬ್ಬೊಬ್ಬರಾಗಿ ಕೂರಿಸಿ, "ಈ ವರ್ಷ ನೀವು ಇಲ್ಲದಿದ್ದರೆ ಯಾವ ಕೆಲಸ ನಿಲ್ಲುತ್ತಿತ್ತು?" ಅಂತ ಕೇಳಿ, ಹೇಳಿದ್ದನ್ನು ಅವರ ಎದುರೇ ಬರೆದುಕೊಳ್ಳಿ. ಆಮೇಲೆ ಎಚ್‌ಆರ್‌ಗೆ ಮೇಲ್ ಹಾಕಿ. ಈ ಶೇಕಡಾವಾರು ಲೆಕ್ಕ ಇಡೀ ವಿಭಾಗಕ್ಕೋ, ಪ್ರತಿ ಟೀಮ್‌ಗೋ ಅಂತ ಕೇಳಿ. ಎಷ್ಟೋ ಕಡೆ ನಿಯಮ ಇರುವುದು ವಿಭಾಗಕ್ಕೆ, ಮಧ್ಯದ ಮ್ಯಾನೇಜರ್ ತನ್ನ ಅನುಕೂಲಕ್ಕೆ ಅದನ್ನು ಟೀಮ್ ಟೀಮ್‌ಗೂ ಹಂಚಿರುತ್ತಾನೆ. ಫೋನ್‌ನಲ್ಲಿ ಕೇಳಬೇಡಿ, ಉತ್ತರ ಬರಹದಲ್ಲೇ ಬರಲಿ. ಅವರು ಏನು ಬರೆದರು ಅಂತ ಇಲ್ಲೇ ಕಾಮೆಂಟ್‌ನಲ್ಲಿ ಹಾಕಿ, ಮುಂದೇನು ಅಂತ ನೋಡೋಣ.